ಕೊನೆಯ ದಿನಗಳು ಮನೆಯಲ್ಲೇ ಕಳೆಯಬೇಕೆಂದರೆ ಮನೆ ಏನೇನಕ್ಕೆ ಸಿದ್ಧವಾಗಿರಬೇಕು

ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಇನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದಾಗ ಮನೆಯವರಿಗೆ ಕೇಳಿಸುವುದು ಚಿಕಿತ್ಸೆ ಮುಗಿಯಿತು ಎಂಬ ಒಂದೇ ಮಾತು. ಮುಗಿದಿರುವುದು ರೋಗವನ್ನು ಗುಣಪಡಿಸುವ ಪ್ರಯತ್ನ ಮಾತ್ರ. ನೋವು, ಏದುಸಿರು, ವಾಂತಿ, ಮಲಬದ್ಧತೆ, ನಿದ್ದೆಗೇಡು, ಭಯ ಇವುಗಳಿಗೆ ಮಾಡಬೇಕಾದ ಚಿಕಿತ್ಸೆ ಅಲ್ಲಿಂದಾಚೆಗೆ ಇನ್ನೂ ಚುರುಕಾಗಬೇಕು. ಅದುವರೆಗೆ ದಾದಿಯರೂ ವೈದ್ಯರೂ ಸರದಿಯ ಮೇಲೆ ಮಾಡುತ್ತಿದ್ದ ಕೆಲಸವಷ್ಟೂ ಒಂದೇ ದಿನದಲ್ಲಿ, ಯಾವ ತರಬೇತಿಯೂ ಇಲ್ಲದ ಮಗಳ, ಮಗನ ಅಥವಾ ಸೊಸೆಯ ಕೈಗೆ ಬಂದುಬಿಡುತ್ತದೆ.

ಎಲ್ಲಿ ಕೊನೆಯುಸಿರೆಳೆಯಲು ಬಯಸುತ್ತೀರಿ ಎಂದು ಕೇಳಿದರೆ ಹಲವು ದೇಶಗಳಲ್ಲಿ ಹೆಚ್ಚಿನವರು ಮನೆ ಎಂದೇ ಹೇಳುತ್ತಾರೆ. ಆದರೂ ಹಾಗೆ ಬಯಸಿದವರಲ್ಲಿ ಅನೇಕರು ಕೊನೆಯ ಒಂದೆರಡು ದಿನಗಳಲ್ಲಿ ಆಂಬುಲೆನ್ಸ್ ಹತ್ತಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುತ್ತಾರೆ. ರೋಗ ಅನಿರೀಕ್ಷಿತ ತಿರುವು ಪಡೆಯಿತು ಎಂಬುದು ಇದಕ್ಕೆ ಕಾರಣವಾಗುವುದು ಅಪರೂಪ. ರಾತ್ರಿ ಎರಡು ಗಂಟೆಗೆ ಉಸಿರಾಟದ ಸದ್ದು ಬದಲಾಗುತ್ತದೆ, ಹೀಗಾಗಬಹುದೆಂದು ಯಾರೂ ಮೊದಲೇ ಹೇಳಿರುವುದಿಲ್ಲ, ಕೊಡಲು ಮನೆಯಲ್ಲಿ ಔಷಧಿ ಇರುವುದಿಲ್ಲ, ಫೋನ್ ಮಾಡಿದರೆ ಎತ್ತುವವರು ಇರುವುದಿಲ್ಲ. ಮನೆಯಲ್ಲಿ ನೆಮ್ಮದಿಯ ಸಾವು ಸಾಧ್ಯವಾಗುವುದೂ ಆಗದೇ ಹೋಗುವುದೂ ಬಹುಮಟ್ಟಿಗೆ ಈ ಮೂರರ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಪ್ರೀತಿ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ಕೊರತೆ ಬೀಳುವುದು ಮಾಹಿತಿ, ಔಷಧಿ ಮತ್ತು ಕರೆದಾಗ ಓಗೊಡುವ ಒಬ್ಬ ತಿಳಿದವರು.

ಈ ಕೊರತೆ ಎಷ್ಟು ದೊಡ್ಡದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ತೋರಿಸುತ್ತದೆ. ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 5.68 ಕೋಟಿ ಜನರಿಗೆ ಉಪಶಮನ ಆರೈಕೆ, ಅಂದರೆ ಗಂಭೀರ ಕಾಯಿಲೆಯವರ ನೋವು ಸಂಕಟಗಳನ್ನು ತಗ್ಗಿಸುವ ಪ್ಯಾಲಿಯೇಟಿವ್ ಕೇರ್, ಬೇಕಾಗುತ್ತದೆ. ಅವರಲ್ಲಿ ಸುಮಾರು 2.57 ಕೋಟಿ ಜನ ಬದುಕಿನ ಕೊನೆಯ ವರ್ಷದಲ್ಲಿರುವವರು. ಬೇಕಾದವರಲ್ಲಿ ಅದು ದೊರಕುತ್ತಿರುವುದು ಸುಮಾರು ಶೇ 14ರಷ್ಟು ಮಂದಿಗೆ ಮಾತ್ರ. ಉಪಶಮನ ಆರೈಕೆಯನ್ನು ಆರೋಗ್ಯ ವ್ಯವಸ್ಥೆಯ ಭಾಗವಾಗಿಸಬೇಕೆಂದು ವಿಶ್ವ ಆರೋಗ್ಯ ಸಭೆ 2014ರಲ್ಲೇ ನಿರ್ಣಯ ಮಾಡಿತು. ಆಯುಷ್ಯ ಹೆಚ್ಚುತ್ತಿದೆ, ಒಬ್ಬೊಬ್ಬರಿಗೇ ಎರಡು ಮೂರು ದೀರ್ಘಕಾಲದ ಕಾಯಿಲೆಗಳು ಒಟ್ಟಿಗೆ ಬರುತ್ತಿವೆ, ಮನೆಗಳು ಚಿಕ್ಕದಾಗುತ್ತಿವೆ; ಹೀಗಿರುವಾಗ ನಿರ್ಣಯಕ್ಕೂ ಮಲಗುವ ಕೋಣೆಗೂ ನಡುವಿನ ದೂರ ಕಡಿಮೆಯಾಗುತ್ತಿಲ್ಲ.

ಉಪಶಮನ ಆರೈಕೆ ಎಂದರೆ ಕೈಚೆಲ್ಲುವುದು ಎಂಬ ತಪ್ಪು ಕಲ್ಪನೆ ಇನ್ನೂ ಬಲವಾಗಿದೆ. ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಕೆಲಸ ಮಾಡಿದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ಹಂತದ ರೋಗಿಗಳ ಆರೈಕೆ ಕೇಂದ್ರ, ಆರಂಭಿಸಿದಾಗ ಮುಂದಿಟ್ಟ ವಿಚಾರವೆಂದರೆ, ಸಾಯುತ್ತಿರುವವರ ನೋವಿನಲ್ಲಿ ದೇಹದ ನೋವಿನ ಜೊತೆಗೆ ಮನಸ್ಸಿನದೂ ಸಂಬಂಧಗಳದೂ ನಂಬಿಕೆಗಳದೂ ಪಾಲಿರುತ್ತದೆ, ಅವನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಶಮನವಾಗುವುದಿಲ್ಲ ಎಂಬುದು. ಈ ಆರೈಕೆ ಆಯುಷ್ಯವನ್ನು ಕಡಿತಗೊಳಿಸುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರಂಭದಿಂದಲೇ ಉಪಶಮನ ಆರೈಕೆ ಪಡೆದವರ ಜೀವನದ ಗುಣಮಟ್ಟ ಉತ್ತಮವಾಗಿದ್ದುದಷ್ಟೇ ಅಲ್ಲ, ಅವರು ಕೊನೆಯಲ್ಲಿ ಉಗ್ರ ಚಿಕಿತ್ಸೆಗಳನ್ನು ಕಡಿಮೆ ಪಡೆದೂ ಇತರರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದರು.

ಸಿದ್ಧತೆಗೆ ಮೊದಲ ಅಡ್ಡಿ ಕಾಲದ ಲೆಕ್ಕ. ಹಾಸ್ಪಿಸ್‌ಗೆ ಕಳುಹಿಸಲಾದ ರೋಗಿಗಳು ಎಷ್ಟು ದಿನ ಬದುಕಬಹುದೆಂದು ಅವರವರ ವೈದ್ಯರನ್ನೇ ಕೇಳಿ ಮಾಡಿದ, 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಿಸುಮಾರು ನಿಖರವಾಗಿದ್ದ ಅಂದಾಜುಗಳು ಶೇ 20 ಮಾತ್ರ. ಶೇ 63ರಷ್ಟು ಅಂದಾಜುಗಳು ವಾಸ್ತವಕ್ಕಿಂತ ಹೆಚ್ಚು ಆಶಾವಾದಿಯಾಗಿದ್ದವು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ವೈದ್ಯರೇ ಹೆಚ್ಚು ತಪ್ಪುವ ಸಾಧ್ಯತೆ ಕಂಡುಬಂದಿತ್ತು. ಆದ್ದರಿಂದ ಎಷ್ಟು ದಿನ ಎಂಬ ಪ್ರಶ್ನೆಗಿಂತ, ಮುಂದಿನ ಆರು ತಿಂಗಳಲ್ಲಿ ಇವರು ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತದೆಯೇ ಎಂದು ವೈದ್ಯರನ್ನು ಕೇಳುವುದು ಉಪಯುಕ್ತ. ಇಲ್ಲ ಎಂಬ ಉತ್ತರ ಬಂದರೆ ಸಿದ್ಧತೆ ಅಂದೇ ಶುರುವಾಗಬೇಕು. ಕಾಯಿಲೆಯ ದಾರಿಯೂ ಒಂದೇ ತೆರನಲ್ಲ. ಕ್ಯಾನ್ಸರ್‌ನಲ್ಲಿ ಬಹುಕಾಲ ಓಡಾಡಿಕೊಂಡಿದ್ದವರು ಕೊನೆಯ ಕೆಲವು ವಾರಗಳಲ್ಲಿ ಬೇಗ ಕುಸಿಯುತ್ತಾರೆ. ಹೃದಯ ಅಥವಾ ಶ್ವಾಸಕೋಶದ ವೈಫಲ್ಯದಲ್ಲಿ ಪದೇಪದೇ ಗಂಭೀರವಾಗಿ, ಮತ್ತೆ ಚೇತರಿಸಿಕೊಂಡು, ಆದರೆ ಪ್ರತಿಸಲವೂ ಹಿಂದಿಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತಾರೆ. ಹಿಂದೆ ಹಲವು ಸಲ ಉಳಿದುಕೊಂಡವರು ಈ ಬಾರಿಯೂ ಉಳಿಯುತ್ತಾರೆಂದು ಮನೆಯವರು ನಂಬುವುದು ಸಹಜವಾದ್ದರಿಂದ ಇಲ್ಲಿ ಸಾವು ಯಾವಾಗಲೂ ಹಠಾತ್ತಾಗಿ ಬಂದಂತೆಯೇ ಅನಿಸುತ್ತದೆ. ಮರೆವಿನ ಕಾಯಿಲೆ ಮತ್ತು ಮುಪ್ಪಿನ ನಿಶ್ಶಕ್ತಿಯ ಇಳಿಜಾರು ವರ್ಷಗಟ್ಟಲೆ ಉದ್ದ. ಅಲ್ಲಿ ಆರೈಕೆ ಮಾಡುವವರೇ ಮೊದಲು ಸೋಲುವ ಅಪಾಯವಿದೆ.

ಎರಡನೆಯ ಅಡ್ಡಿ ಮಾತು. ಹೇಳಿದರೆ ಅವರು ಎದೆಗುಂದುತ್ತಾರೆ ಎಂದು ಮಕ್ಕಳು ಮುಚ್ಚಿಡುತ್ತಾರೆ. ಮಕ್ಕಳು ತಾಳಿಕೊಳ್ಳಲಾರರು ಎಂದು ತಂದೆ ತಾಯಿ ತಮಗೆ ತಿಳಿದಿದ್ದನ್ನು ತಿಳಿಯದವರಂತೆ ನಡೆದುಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರೂ ಆಡದ ಈ ಮನೆಯಲ್ಲಿ ಕಾಯಿಲೆಯವರು ಒಂಟಿಯಾಗುತ್ತಾರೆ. ಜೀವನದ ಕೊನೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಿದ್ದ ಕ್ಯಾನ್ಸರ್ ರೋಗಿಗಳನ್ನು ಅಭ್ಯಸಿಸಿದ 2008ರ ಸಂಶೋಧನೆಯೊಂದು, ಅವರಲ್ಲಿ ಖಿನ್ನತೆ ಹೆಚ್ಚಿರಲಿಲ್ಲವೆಂದೂ ಕೊನೆಯ ವಾರದಲ್ಲಿ ಅವರು ವೆಂಟಿಲೇಟರ್, ತೀವ್ರ ನಿಗಾ ಘಟಕಗಳಿಗೆ ಒಳಗಾದದ್ದು ಕಡಿಮೆಯೆಂದೂ ಕಂಡುಕೊಂಡಿತು. ಇದರ ಅರ್ಥ ಎಲ್ಲವನ್ನೂ ಒಂದೇ ದಿನ ಮುಖಕ್ಕೆ ಹೇಳಿಬಿಡಬೇಕೆಂದಲ್ಲ. ನಿಮ್ಮ ಕಾಯಿಲೆ ಹೇಗೆ ಸಾಗುತ್ತಿದೆ ಅನಿಸುತ್ತದೆ, ನಿಮಗೆ ಹೆಚ್ಚು ಚಿಂತೆ ಯಾವುದರ ಬಗ್ಗೆ, ತೀರ ಹದಗೆಟ್ಟರೆ ಎಲ್ಲಿರಲು ಇಷ್ಟಪಡುತ್ತೀರಿ ಎಂದು ಕೇಳಿ, ಅವರು ಎಷ್ಟು ದೂರ ಬರುತ್ತಾರೋ ಅಷ್ಟೇ ದೂರ ಜೊತೆಗೆ ಹೋದರೆ ಸಾಕು. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಬಾರದು ಎಂಬುದಷ್ಟೇ ಇಲ್ಲಿ ಕಟ್ಟುನಿಟ್ಟಾಗಿರಬೇಕಾದ ನಿಯಮ.

ಈ ಮಾತುಕತೆಯಿಂದ ಹೊರಬರಬೇಕಾದ ಕೆಲವು ನಿರ್ಧಾರಗಳಿವೆ: ಹೃದಯ ನಿಂತರೆ ಎದೆ ಒತ್ತುವ ಪ್ರಯತ್ನ ಬೇಕೇ, ವೆಂಟಿಲೇಟರ್ ಬೇಕೇ, ಮೂಗಿನ ಮೂಲಕ ಆಹಾರ ಕೊಡುವ ನಳಿಕೆ ಬೇಕೇ, ಅವರು ಮಾತಾಡಲಾಗದ ಸ್ಥಿತಿ ಬಂದರೆ ಅವರ ಪರವಾಗಿ ಯಾರು ಹೇಳಬೇಕು. ಇವನ್ನು ಆಯಾ ಪ್ರದೇಶದ ಕಾನೂನು ಒಪ್ಪುವ ರೂಪದಲ್ಲಿ ಬರೆದು, ವೈದ್ಯರ ಬಳಿ ಒಂದು ಪ್ರತಿ, ಮನೆಯಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಪ್ರತಿ ಇಡಬೇಕು. ಬರೆದಿಡದಿದ್ದರೆ ಏನಾಗುತ್ತದೆಂದು ಉಪಶಮನ ಆರೈಕೆಯಲ್ಲಿ ಕೆಲಸ ಮಾಡುವವರೆಲ್ಲ ಬಲ್ಲರು. ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಇದ್ದ ಮಗಳು ಒಂದು ನಿರ್ಧಾರಕ್ಕೆ ಬಂದಿರುತ್ತಾಳೆ, ದೂರದ ಊರಿನಿಂದ ಕೊನೆಯ ವಾರ ಬಂದಿಳಿದ ಮಗ ಎಲ್ಲ ಚಿಕಿತ್ಸೆಯೂ ಆಗಲೇಬೇಕೆಂದು ಹಟ ಹಿಡಿಯುತ್ತಾನೆ. ಆ ಹಟದ ಹಿಂದೆ ಕೆಟ್ಟತನವಿಲ್ಲ. ಇಷ್ಟು ದಿನ ಇರಲಾಗಲಿಲ್ಲವೆಂಬ ಸಂಕಟವಿದೆ. ದೂರವಿರುವವರನ್ನು ವೈದ್ಯರ ಭೇಟಿಗಳಲ್ಲಿ ಫೋನಿನ ಮೂಲಕವಾದರೂ ಮೊದಲಿನಿಂದಲೇ ಸೇರಿಸಿಕೊಂಡರೆ ಈ ಜಗಳದ ಬಹುಭಾಗ ಹುಟ್ಟುವುದೇ ಇಲ್ಲ.

ಇನ್ನು ನೋವಿನ ವಿಚಾರ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಚಿಕಿತ್ಸೆಗೆ 1986ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳು ಇಂದಿಗೂ ಮನೆಯವರು ತಿಳಿದಿರಬೇಕಾದದ್ದು: ಸಾಧ್ಯವಾದಷ್ಟೂ ಬಾಯಿಯ ಮೂಲಕ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು, ನೋವಿನ ತೀವ್ರತೆಗೆ ತಕ್ಕ ಔಷಧಿ ಕೊಡಬೇಕು. ಇವುಗಳಲ್ಲಿ ಗಡಿಯಾರದ ಮಾತೇ ಹೆಚ್ಚಾಗಿ ಮುರಿಯುವುದು. ನೋವು ಬಂದ ಮೇಲೆ ಕೊಡೋಣ, ನಿದ್ದೆ ಮಾಡುತ್ತಿದ್ದಾರೆ ಎಬ್ಬಿಸುವುದು ಬೇಡ, ಇವತ್ತು ಚೆನ್ನಾಗಿದ್ದಾರೆ ಒಂದು ಹೊತ್ತು ಬಿಡೋಣ ಎಂದುಕೊಳ್ಳುತ್ತ ಮನೆಯವರು ಔಷಧಿಯನ್ನು ಉಳಿಸುತ್ತಾರೆ. ರಕ್ತದಲ್ಲಿ ಅದರ ಪ್ರಮಾಣ ಕುಸಿದು ನೋವು ಮರಳಿದಾಗ ಅದನ್ನು ಹತೋಟಿಗೆ ತರಲು ಮೊದಲಿಗಿಂತ ಹೆಚ್ಚು ಔಷಧಿ ಬೇಕಾಗುತ್ತದೆ. ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ಬರುವ ಬಲವಾದ ನೋವುನಿವಾರಕ ಮಾರ್ಫಿನ್; ಬಾಯಿಗೆ ಕೊಡುವ ಸಾಮಾನ್ಯ ಮಾರ್ಫಿನ್‌ನ ಪರಿಣಾಮ ಸುಮಾರು ನಾಲ್ಕು ಗಂಟೆ ಇರುವುದರಿಂದ ಅದನ್ನು ನಾಲ್ಕು ಗಂಟೆಗೊಮ್ಮೆ ಕೊಡುವುದು ವಾಡಿಕೆ. ನಡುವೆ ನೋವು ತಲೆಯೆತ್ತಿದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣ ಎಷ್ಟು, ದಿನಕ್ಕೆ ಎಷ್ಟು ಸಲ, ಯಾವ ಹಂತದಲ್ಲಿ ವೈದ್ಯರಿಗೆ ತಿಳಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡೇ ಮನೆಗೆ ಬರಬೇಕು.

ಮಾರ್ಫಿನ್ ಎಂದೊಡನೆ ಹುಟ್ಟುವ ಭಯಗಳನ್ನು ನೇರವಾಗಿ ಎದುರಿಸುವುದು ಒಳ್ಳೆಯದು. ಸರಿಯಾದ ಪ್ರಮಾಣದಲ್ಲಿ ಆರಂಭಿಸಿ ನೋವಿಗೆ ತಕ್ಕಂತೆ ನಿಧಾನವಾಗಿ ಏರಿಸಿದರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಕೊನೆಯ ದಿನಗಳ ನೋವಿಗೆ ಕೊಡುವ ಔಷಧಿಯಿಂದ ವ್ಯಸನಿಯಾಗುವ ಚಿಂತೆಯೂ ಇಲ್ಲಿ ಅಸ್ಥಾನದಲ್ಲಿದೆ. ಮೊದಲ ಕೆಲವು ದಿನ ಮಂಪರು, ಕೆಲವರಿಗೆ ವಾಕರಿಕೆ ಇರುತ್ತದೆ, ಅವು ಸಾಮಾನ್ಯವಾಗಿ ತಗ್ಗುತ್ತವೆ. ತಗ್ಗದೆ ಉಳಿಯುವುದು ಮಲಬದ್ಧತೆ. ಆದ್ದರಿಂದ ಮಲ ಸಡಿಲಿಸುವ ಔಷಧಿಯನ್ನು ಮಾರ್ಫಿನ್ ಶುರುವಾದ ದಿನದಿಂದಲೇ ಕೊಡಬೇಕು. ವಯಸ್ಸಾದವರು ಕಾರಣ ಹೇಳದೆ ಚಡಪಡಿಸುತ್ತಿದ್ದರೆ ಕಟ್ಟಿಕೊಂಡ ಮಲ ಅಥವಾ ತುಂಬಿಕೊಂಡ ಮೂತ್ರಕೋಶವೇ ಅದರ ಮೂಲವಾಗಿರುವುದು ಎಷ್ಟೋ ಸಲ. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ ದೇಹದಲ್ಲಿ ಸಂಗ್ರಹವಾಗುತ್ತದೆ ಎಂಬುದು ಮಾತ್ರ ನಿಜವಾದ ಎಚ್ಚರಿಕೆ. ಅಂಥವರಿಗೆ ವೈದ್ಯರು ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ. ಇಷ್ಟು ಹಳೆಯ, ಇಷ್ಟು ಅಗ್ಗದ ಔಷಧಿ ಜಗತ್ತಿನ ಬಹುಪಾಲು ಜನರ ಕೈಗೆಟುಕದಿರುವುದು ನಮ್ಮ ಕಾಲದ ದೊಡ್ಡ ಅನ್ಯಾಯಗಳಲ್ಲಿ ಒಂದು ಎಂದೇ ನಾನು ಭಾವಿಸುತ್ತೇನೆ. ಮಾರ್ಫಿನ್‌ಗೆ ಸರಿಸಮ ಲೆಕ್ಕದಲ್ಲಿ ವರ್ಷಕ್ಕೆ 298.5 ಟನ್ ಈ ಬಗೆಯ ನೋವುನಿವಾರಕಗಳು ವಿತರಣೆಯಾಗುತ್ತಿದ್ದಾಗ ಬಡ ದೇಶಗಳಿಗೆ ತಲುಪಿದ್ದು 0.1 ಟನ್ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿ ಲೆಕ್ಕ ಹಾಕಿತ್ತು.

ನೋವಿಗಿಂತಲೂ ಮನೆಯವರನ್ನು ಹೆಚ್ಚು ಹೆದರಿಸುವುದು ಏದುಸಿರು. ಕೂಡಲೇ ಆಕ್ಸಿಜನ್ ಬೇಕೆನಿಸುತ್ತದೆ. ಆದರೆ ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಾಗಿಲ್ಲದ ರೋಗಿಗಳಿಗೆ ನಳಿಕೆಯ ಆಮ್ಲಜನಕದಿಂದ ಸಾಧಾರಣ ಗಾಳಿಗಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲವೆಂದು 2010ರ ಪ್ರಯೋಗವೊಂದು ತೋರಿಸಿದೆ. ತಲೆ ಮತ್ತು ಬೆನ್ನಿನ ಹಿಂದೆ ದಿಂಬು ಕೊಟ್ಟು ಎತ್ತರಿಸುವುದು, ಕಿಟಕಿ ತೆರೆಯುವುದು, ಕೆನ್ನೆ ಮತ್ತು ಮೂಗಿಗೆ ತಗಲುವಂತೆ ಚಿಕ್ಕ ಫ್ಯಾನ್ ಹಿಡಿಯುವುದು, ಸುತ್ತ ನೆರೆದವರನ್ನು ಹೊರಗೆ ಕಳುಹಿಸಿ ಒಬ್ಬರೇ ಕೈ ಹಿಡಿದು ಕೂರುವುದು ಇವು ನಿಜವಾಗಿ ಕೆಲಸ ಮಾಡುತ್ತವೆ. ಮುಖದ ಚರ್ಮಕ್ಕೆ ಗಾಳಿ ತಗಲಿದಾಗ ಉಸಿರು ಸಾಲದು ಎಂಬ ಅನುಭವವೇ ತಗ್ಗುತ್ತದೆ. ಅದಕ್ಕೂ ಮಣಿಯದ ಏದುಸಿರಿಗೆ ಕಡಿಮೆ ಪ್ರಮಾಣದ ಮಾರ್ಫಿನ್ ಉಪಯುಕ್ತ ಔಷಧಿ.

ಊಟ ಬಿಡುವ ಹಂತದಲ್ಲಿ ಮನೆಗಳು ಅನುಭವಿಸುವ ಸಂಕಟಕ್ಕೆ ಹೋಲಿಕೆಯಿಲ್ಲ, ಏಕೆಂದರೆ ಹೊಟ್ಟೆ ತುಂಬಿಸುವುದೇ ಪ್ರೀತಿಯನ್ನು ತೋರುವ ದಾರಿಯಾಗಿರುವ ಮನೆಯಲ್ಲಿ ತಾಯಿ ತುಟಿ ಬಿಗಿಹಿಡಿದು ಮುಖ ತಿರುಗಿಸಿದರೆ ಮಕ್ಕಳಿಗೆ ಅದು ತಮ್ಮನ್ನೇ ತಳ್ಳಿದಂತೆ ಅನಿಸುತ್ತದೆ. ತಿನ್ನದೆ ಇರುವುದರಿಂದ ಅವರು ಸಾಯುತ್ತಿಲ್ಲ. ದೇಹ ಮುಗಿಯುತ್ತ ಬಂದಿರುವುದರಿಂದ ಆಹಾರ ಅದಕ್ಕೆ ಬೇಡವಾಗುತ್ತಿದೆ. ಈ ಕಾರ್ಯಕಾರಣವನ್ನು ಮನೆಯವರಿಗೆ ಸಮಾಧಾನದಿಂದ ವಿವರಿಸುವ ಒಬ್ಬ ವೈದ್ಯರೋ ದಾದಿಯೋ ಸಿಕ್ಕರೆ ಎಷ್ಟೋ ಅಪರಾಧಪ್ರಜ್ಞೆ ತಪ್ಪುತ್ತದೆ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ನಳಿಕೆಯಿಂದ ಆಹಾರ ಕೊಡುವುದು ಆಯುಷ್ಯವನ್ನು ಹೆಚ್ಚಿಸುತ್ತದೆ ಎಂಬುದಕ್ಕಾಗಲಿ, ಶ್ವಾಸಕೋಶದ ಸೋಂಕನ್ನು ತಡೆಯುತ್ತದೆ ಎಂಬುದಕ್ಕಾಗಲಿ ಪುರಾವೆಯಿಲ್ಲ. ಕೈಯಿಂದ, ಅವರು ಬಯಸಿದಷ್ಟನ್ನು, ಎಚ್ಚರವಾಗಿ ಕುಳಿತಿರುವಾಗ ಮಾತ್ರ ತಿನ್ನಿಸುವುದನ್ನೇ ವೃದ್ಧಾಪ್ಯ ತಜ್ಞರು ಹೇಳುತ್ತಾರೆ. ಡ್ರಿಪ್ ವಿಷಯದಲ್ಲೂ ಅಷ್ಟೇ. ಮುಂದುವರಿದ ಕ್ಯಾನ್ಸರ್ ಇದ್ದ 129 ಹಾಸ್ಪಿಸ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್, ಉಳಿದವರಿಗೆ ಹೆಸರಿಗಷ್ಟೇ 100 ಮಿಲಿಲೀಟರ್ ದ್ರವ ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪುಗಳ ಕಷ್ಟದಲ್ಲಾಗಲಿ ಆಯುಷ್ಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದೇಹ ಹೊರಹಾಕಲಾಗದ ನೀರು ಕಾಲಿನ ಬಾವಾಗಿ, ಎದೆಯ ಕಫವಾಗಿ ಹೊಸ ತೊಂದರೆ ತರುವುದೂ ಉಂಟು.

ಆದರೆ ಬಾಯಿ ಒಣಗುವುದು ನಿಜವಾದ ಹಿಂಸೆ, ಮತ್ತು ಅದಕ್ಕೆ ಮನೆಯವರೇ ಮಾಡಬಹುದಾದ ಪರಿಹಾರವಿದೆ. ಬೆರಳಿಗೆ ಸುತ್ತಿದ ಮೆತ್ತನೆಯ ಶುದ್ಧ ಬಟ್ಟೆಯನ್ನು ಅಥವಾ ಮೃದುವಾದ ಬ್ರಷ್ ಅನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ, ಮೊದಲು ತುಟಿಗೆ, ಆಮೇಲೆ ಕೆನ್ನೆಯ ಒಳಭಾಗಕ್ಕೆ, ಕೊನೆಗೆ ನಾಲಿಗೆಯ ಮೇಲೆ ಹಗುರವಾಗಿ ಸವರಬೇಕು; ಗಂಟಲಿನ ಹತ್ತಿರ ಒಯ್ದರೆ ವಾಕರಿಕೆ ಬರುತ್ತದೆ. ನಾಲಿಗೆಯ ಮೇಲೆ ಬಿಳಿಯ ಪದರ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಸುಲಭದ ಔಷಧಿಯಿದೆ. ಸವರಿದ ಮೇಲೆ ತುಟಿಗೆ ಲೇಪ ಹಚ್ಚಿ, ಎರಡು ಗಂಟೆಗೊಮ್ಮೆಯಾದರೂ ಇದನ್ನು ಮತ್ತೆ ಮಾಡುತ್ತಿದ್ದರೆ ಡ್ರಿಪ್ ಕೊಡಲಾಗದ ನೆಮ್ಮದಿ ಅವರಿಗೆ ದೊರೆಯುತ್ತದೆ. ಉಣಿಸಲಾಗದೆ ಕಂಗಾಲಾದ ಮಕ್ಕಳ ಕೈಗೂ ಇದೊಂದು ಕೆಲಸ ಕೊಡುತ್ತದೆ. ಹಾಸಿಗೆ ಹುಣ್ಣು ತಡೆಯಲು ಮಗ್ಗುಲು ಬದಲಿಸುವುದು, ಸೊಂಟದ ಕೆಳಮೂಳೆ, ಹಿಮ್ಮಡಿ, ಕಿವಿಯಂಚುಗಳನ್ನು ದಿನವೂ ನೋಡುವುದು, ಎಳೆಯದೆ ಬಟ್ಟೆಯ ಸಮೇತ ಎತ್ತಿ ಸರಿಸುವುದು ಇವನ್ನು ದಾದಿಯೊಬ್ಬರು ಒಂದು ಸಲ ಕೈಹಿಡಿದು ತೋರಿಸಿಕೊಟ್ಟರೆ ಸಾಕು.

ಔಷಧಿಗಳ ಡಬ್ಬಿಯನ್ನೂ ಈ ಹಂತದಲ್ಲಿ ವೈದ್ಯರ ಮುಂದೆ ಸುರಿದು ನೋಡಬೇಕು. ಹತ್ತು ವರ್ಷ ಮುಂದಿನ ಹೃದಯಾಘಾತವನ್ನು ತಡೆಯಲು ಕೊಡುತ್ತಿದ್ದ ಮಾತ್ರೆ ಹತ್ತು ವಾರ ಉಳಿದಿರುವವರಿಗೆ ಹೊರೆಯಷ್ಟೇ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಅನ್ನು ಇಂಥ ರೋಗಿಗಳಲ್ಲಿ ನಿಲ್ಲಿಸುವುದು ಸುರಕ್ಷಿತವೆಂದೂ ನಿಲ್ಲಿಸಿದವರ ಜೀವನದ ಗುಣಮಟ್ಟ ತುಸು ಉತ್ತಮವಾಗಿತ್ತೆಂದೂ 2015ರ ಅಧ್ಯಯನವೊಂದು ಹೇಳಿದೆ. ತಾವಾಗಿಯೇ ನಿಲ್ಲಿಸಬಾರದು, ಆದರೆ ಇದು ಇನ್ನೂ ಏಕೆ ಬೇಕು ಎಂದು ಒಂದೊಂದನ್ನೂ ಕೇಳುವ ಹಕ್ಕು ಮನೆಯವರಿಗಿದೆ.

ಕೊನೆಯ ದಿನಗಳು ಹತ್ತಿರವಾದಂತೆ ನಿದ್ದೆಯ ಹೊತ್ತು ಬೆಳೆಯುತ್ತದೆ, ನುಂಗುವುದು ಕಷ್ಟವಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗಿ ಮೊಣಕಾಲಿನ ಸುತ್ತ ನೀಲಿ ಮಚ್ಚೆಗಳು ಮೂಡುತ್ತವೆ. ಕೆಲವರಿಗೆ ಸನ್ನಿ ಹಿಡಿದಂತಾಗಿ ಇಲ್ಲದವರು ಕಾಣುತ್ತಾರೆ, ಹಾಸಿಗೆಯಿಂದ ಏಳಲು ಹೆಣಗುತ್ತಾರೆ. ವಾದ ಮಾಡದೆ, ಮಂದ ಬೆಳಕಿಟ್ಟು, ಪರಿಚಿತ ದನಿಯಲ್ಲಿ ಮಾತಾಡಿಸಬೇಕು. ಮಲಮೂತ್ರ ಕಟ್ಟಿಕೊಂಡಿಲ್ಲವೆಂದು ನೋಡಿಕೊಂಡೂ ತಗ್ಗದಿದ್ದರೆ ಔಷಧಿಯಿದೆ. ಉಸಿರು ಏರುತ್ತ ಏರುತ್ತ ಹೋಗಿ, ಇಳಿದು, ಅರ್ಧ ನಿಮಿಷ ನಿಂತೇಬಿಟ್ಟು ಮತ್ತೆ ಶುರುವಾಗುವ ಲಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಡಬ್ಲಿನ್‌ನಲ್ಲಿ ಕೆಲಸ ಮಾಡಿದ ಜಾನ್ ಚೇನ್ ಮತ್ತು ವಿಲಿಯಂ ಸ್ಟೋಕ್ಸ್ ಎಂಬ ವೈದ್ಯರು ವಿವರಿಸಿದ್ದರು. ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಗಂಟಲಿನ ಗೊರಗೊರ ಸದ್ದು ಇನ್ನೊಂದು. ನುಂಗಲಾಗದ ಜೊಲ್ಲು ಗಂಟಲಿನಲ್ಲಿ ನಿಂತು, ಉಸಿರು ಅದರ ಮೂಲಕ ಹಾದಾಗ ಬರುವ ಸದ್ದು ಅದು. ಪ್ರಜ್ಞೆ ಬಹುಮಟ್ಟಿಗೆ ಜಾರಿರುವ ರೋಗಿಗೆ ಅದರಿಂದ ಉಸಿರುಗಟ್ಟಿದ ಅನುಭವವಾಗುತ್ತದೆಂದು ತಜ್ಞರು ಭಾವಿಸುವುದಿಲ್ಲ. ಮಗ್ಗುಲಾಗಿ ಮಲಗಿಸಿದರೆ ಸದ್ದು ಎಷ್ಟೋ ತಗ್ಗುತ್ತದೆ. ಆಂಬುಲೆನ್ಸ್ ಕರೆಸುವ ರಾತ್ರಿಗಳಲ್ಲಿ ಬಹಳಷ್ಟು ಈ ಎರಡು ಸದ್ದುಗಳಿಂದಲೇ ಹುಟ್ಟುತ್ತವೆ, ಮತ್ತು ಮೊದಲೇ ಹೇಳಿದ್ದರೆ ಅವುಗಳಲ್ಲಿ ಹೆಚ್ಚಿನವು ತಪ್ಪುತ್ತಿದ್ದವು. ಪ್ರತಿಕ್ರಿಯೆ ನಿಂತ ಮೇಲೂ ಮಾತಾಡುತ್ತಿರುವುದು ವ್ಯರ್ಥವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿಗೆ ಕೆಲವೇ ಗಂಟೆಗಳಿದ್ದು ಪ್ರತಿಕ್ರಿಯಿಸದಂತಿದ್ದ ಕೆಲವು ರೋಗಿಗಳ ಮೆದುಳು ಶಬ್ದಗಳಿಗೆ ಸ್ಪಂದಿಸುತ್ತಿದ್ದುದು ದಾಖಲಾಗಿದೆ.

ಮನೆಯೇ ಸರಿ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಹತೋಟಿಗೆ ಬಾರದ ನೋವು, ದೊಡ್ಡ ರಕ್ತಸ್ರಾವದ ಸಾಧ್ಯತೆ, ಸರದಿ ತೆಗೆದುಕೊಳ್ಳಲು ಎರಡನೆಯ ವ್ಯಕ್ತಿಯೇ ಇಲ್ಲದ ಸ್ಥಿತಿ ಇದ್ದಲ್ಲಿ ಹಾಸ್ಪಿಸ್ ಅಥವಾ ಆಸ್ಪತ್ರೆಯೇ ಉತ್ತಮ, ಮತ್ತು ಹಾಗೆ ಸೇರಿಸಿದವರು ಮಾತಿಗೆ ತಪ್ಪಿದಂತಾಗುವುದಿಲ್ಲ. ಏನಾದರೂ ಮನೆಯಿಂದ ಕಳುಹಿಸುವುದಿಲ್ಲ ಎಂದು ಭಾಷೆ ಕೊಡುವ ಬದಲು, ನಿಮ್ಮನ್ನು ಒಂಟಿಯಾಗಿ ಬಿಡುವುದಿಲ್ಲ, ನೋವಿನಲ್ಲಿ ಬಿಡುವುದಿಲ್ಲ ಎಂದು ಹೇಳುವುದು ಉಳಿಸಿಕೊಳ್ಳಬಹುದಾದ ಮಾತು. ಆರೈಕೆ ಮಾಡುವವರ ದೇಹವೂ ದೇಹವೇ. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತ ಅದರ ಒತ್ತಡ ಅನುಭವಿಸುತ್ತಿದ್ದ ವೃದ್ಧರು ನಾಲ್ಕು ವರ್ಷಗಳಲ್ಲಿ ಸಾಯುವ ಅಪಾಯ ಆರೈಕೆಯ ಹೊಣೆಯಿಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತೆಂದು 1999ರ ಅಮೆರಿಕನ್ ಅಧ್ಯಯನ ಕಂಡುಕೊಂಡಿತು. ವಾರಕ್ಕೆ ಕೆಲವು ರಾತ್ರಿಯಾದರೂ ಪೂರ್ತಿ ನಿದ್ದೆ ಬೇಕು. ಮನೆಗೆ ನೋಡಲು ಬರುವವರು ಏನು ಸಹಾಯ ಬೇಕು ಎಂದು ಕೇಳಿದಾಗ ಏನೂ ಬೇಡ ಎನ್ನದೆ, ಇಂದು ರಾತ್ರಿ ನೀವು ಕೂರಿ ಎಂದು ಹೇಳುವುದನ್ನು ಕಲಿಯಬೇಕು.

ಹಾಗಿದ್ದರೂ ಒಂದೊಂದು ಮನೆಯೂ ತನ್ನಷ್ಟಕ್ಕೆ ತಾನೇ ಇದನ್ನೆಲ್ಲ ಹೊಂದಿಸಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಮನೆಗೇ ಬಂದು ನೋಡುವ ಉಪಶಮನ ಆರೈಕೆ ತಂಡವಿದ್ದರೆ ಮನೆಯಲ್ಲೇ ಕೊನೆಯುಸಿರೆಳೆಯುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆಂದೂ ರೋಗಲಕ್ಷಣಗಳ ಕಾಟ ಕಡಿಮೆಯಾಗುತ್ತದೆಂದೂ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ 2013ರಲ್ಲಿ ತೀರ್ಮಾನಿಸಿತು. ಇದಕ್ಕೆ ಶ್ರೀಮಂತ ದೇಶವೇ ಆಗಬೇಕಿಲ್ಲ. ಕೇರಳ 2008ರಲ್ಲಿ ಉಪಶಮನ ಆರೈಕೆಗೆ ಸರ್ಕಾರಿ ನೀತಿ ರೂಪಿಸಿ, ನೆರೆಹೊರೆಯ ಸ್ವಯಂಸೇವಕರು, ದಾದಿಯರು ಮತ್ತು ಸ್ಥಳೀಯ ಸಂಸ್ಥೆಗಳನ್ನು ಒಂದೇ ಜಾಲದೊಳಗೆ ತಂದಿತು. ಉಗಾಂಡಾ ವಿಶೇಷ ತರಬೇತಿ ಪಡೆದ ದಾದಿಯರಿಗೆ ಮಾರ್ಫಿನ್ ಬರೆದುಕೊಡುವ ಅಧಿಕಾರ ನೀಡಿತು. ಪುಡಿಯನ್ನು ತಂದು ದೇಶದಲ್ಲೇ ದ್ರವವಾಗಿ ತಯಾರಿಸುವುದರಿಂದ ಅದರ ವೆಚ್ಚವೂ ಅಲ್ಪ. ಇವೆರಡರಲ್ಲೂ ನಡೆದದ್ದು ಒಂದೇ: ತಿಳಿದ ದಾದಿಯೊಬ್ಬರು ಮನೆಬಾಗಿಲಿಗೆ ಬರುವಂತಾಯಿತು, ನೋವಿನ ಔಷಧಿ ಮನೆಯೊಳಗೆ ಬಂತು.

ಅಂಥ ತಂಡ ಇರುವಲ್ಲಿ ಮನೆಯವರು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ನುಂಗಲಾಗದಿದ್ದಾಗ ಔಷಧಿ ಹೇಗೆ ಕೊಡಬೇಕು, ಚರ್ಮದಡಿಗೆ ಚುಚ್ಚುವ ಸೂಜಿಯನ್ನು ಮೊದಲೇ ಅಳವಡಿಸಿಡಬಹುದೇ, ರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು, ಉಸಿರು ನಿಂತ ಮೇಲೆ ಮನೆಗೆ ಬಂದು ಮರಣವನ್ನು ದೃಢೀಕರಿಸಿ ಪ್ರಮಾಣಪತ್ರ ಕೊಡುವ ವೈದ್ಯರು ಯಾರು. ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಗಳು ಆಗಲೇ ತೀರಿಕೊಂಡವರನ್ನು ಕಾಗದಕ್ಕಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ. ಉತ್ತರ ಗೊತ್ತಿದ್ದರೆ ಆ ಕ್ಷಣದಲ್ಲಿ ಯಾವ ಅವಸರವೂ ಇರುವುದಿಲ್ಲ; ಹೊತ್ತನ್ನು ನೋಡಿ ಬರೆದಿಟ್ಟುಕೊಂಡು, ಬೇಕಾದಷ್ಟು ಹೊತ್ತು ಪಕ್ಕದಲ್ಲಿ ಕುಳಿತು, ಆಮೇಲೆ ವೈದ್ಯರಿಗೆ ಕರೆ ಮಾಡಬಹುದು. ಉಳಿದ ಮಾರ್ಫಿನ್ ಅನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಕೊಟ್ಟ ಕೇಂದ್ರಕ್ಕೇ ಲೆಕ್ಕ ಕೊಟ್ಟು ಹಿಂದಿರುಗಿಸಬೇಕು. ಒಳ್ಳೆಯ ತಂಡಗಳು ಕೆಲವು ವಾರಗಳ ನಂತರ, ಹೆಚ್ಚು ಹೊಣೆ ಹೊತ್ತಿದ್ದವರನ್ನು ವಿಚಾರಿಸಲು, ಆ ಮನೆಗೆ ಇನ್ನೊಮ್ಮೆ ಬರುತ್ತವೆ.